ಮಣ್ಣಿಗೆ ಆಮಂತ್ರಣ

ಫಿನ್ಲೆಂಡಿನ ಕಾಗದದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕು, ಹೆಂಡತಿ-ಮಗಳನ್ನು ಕರೆದುಕೊಂಡು ದಾಂಡೇಲಿ ಬಿಟ್ಟು ಆರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಎದುರು ಮನೆಯ ಅಜ್ಜಿ ತೀರಿಕೊಂಡರು. ದಿನಾ ಕಿಟಕಿಯಿಂದ ನನ್ನ ಮಗಳಿಗೆ ಕೈಬೀಸುತ್ತಿದ್ದ ಅಜ್ಜಿ.

ನಮ್ಮ ಕಡೆ ಸತ್ತವರ ಮಣ್ಣಿಗೆ ಯಾರೂ ಯಾರನ್ನೂ ಕರೆಯುವುದಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಹೋಗಬೇಕು, ಅಷ್ಟೆ. ಹೆಣ ಎತ್ತುವವರೆಗೆ ಅಕ್ಕಪಕ್ಕದವರು ಒಲೆ ಹಚ್ಚುವುದಿಲ್ಲ. ಹೆಂಡತಿಯೂ ಹಚ್ಚಲಿಲ್ಲ. ನಾನು ರಜೆ ಹಾಕಿದೆ. ಇಬ್ಬರೂ ಹೋಗಿ ಅವರ ಬಾಗಿಲ ಗಂಟೆ ಒತ್ತಿದೆವು.

ಅಜ್ಜಿಯ ಮಗ ಬಾಗಿಲು ಅರ್ಧ ತೆರೆದ. ಒಳಗೆ ಅಳುವ ಸದ್ದೇ ಇರಲಿಲ್ಲ. ಹೆಗಲು ಕೊಡಲು ಬಂದಿದ್ದೇನೆ ಎಂದು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಆತ ಸಿಟ್ಟಾಗಲಿಲ್ಲ, ಗಾಬರಿಯಾದ.

“ಅಂತ್ಯಕ್ರಿಯೆ ಮೂರು ವಾರದ ನಂತರ. ಕರೆದವರಷ್ಟೇ ಬರುತ್ತಾರೆ. ಕ್ಷಮಿಸಿ,” ಎಂದು ಮೆಲ್ಲಗೆ ಬಾಗಿಲು ಹಾಕಿಕೊಂಡ.

“ಮೂರು ವಾರ ಒಲಿ ಹಚ್ಚಲಾರ್ದ ಹೆಂಗ ಇರೂದ್ರಿ?” ಎಂದಳು ಹೆಂಡತಿ. ಮಗಳು ಹಸಿದಿದ್ದಳು. ಒಗ್ಗರಣೆಯ ವಾಸನೆ ಎದುರು ಮನೆಗೆ ಹೋಗಬಾರದೆಂದು ಹೆಂಡತಿ ಕಿಟಕಿಗಳನ್ನೆಲ್ಲ ಮುಚ್ಚಿ ಅಡುಗೆ ಮಾಡಿದಳು.

ಐದು ವರ್ಷ ಅಲ್ಲಿದ್ದು ದಾಂಡೇಲಿಗೆ ಮರಳಿದೆವು. ಬಂದ ತಿಂಗಳೇ ಹಳಿಯಾಳದ ಗೆಳೆಯ ಬಸಪ್ಪನ ತಾಯಿ ಹೋದ ಸುದ್ದಿ ಬಂತು. ಚಿಕ್ಕಂದಿನಲ್ಲಿ ನನಗೆ ರೊಟ್ಟಿ ಬಡಿದು ಉಣಿಸಿದಾಕೆ. ಬಸಪ್ಪನಿಗೆ ಫೋನ್ ಹಚ್ಚಿ, “ಮಣ್ಣಿಗೆ ನಾ ಬರಬಹುದೇನಪಾ?” ಎಂದು ಕೇಳಿಬಿಟ್ಟೆ.



“ಯಾಕಲೇ, ನಮ್ಮವ್ವನ ಮಣ್ಣಿಗೂ ನಿನಗ ಲಗ್ನಪತ್ರಿಕಿ ಕಳಸಬೇಕೇನು?” ಎಂದು ಅವನು ಫೋನ್ ಇಟ್ಟ.

ಫಿನ್ಲೆಂಡಿನವನು ಬಾಗಿಲು ಹಾಕುವ ಮುಂಚೆ ಕ್ಷಮೆಯನ್ನಾದರೂ ಕೇಳಿದ್ದ.