ಅಳತೆಯಮ್ಮ ಮತ್ತು ಏರಿದ ಸಮುದ್ರ

ಸಮುದ್ರದ ಮಟ್ಟವನ್ನು ಅಳೆಯುವುದೂ ಒಂದು ಉದ್ಯೋಗ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಗೊತ್ತಿರುವವರಲ್ಲೂ ಅರ್ಧದಷ್ಟು ಜನ ‘ಅದಕ್ಕೂ ಸಂಬಳ ಕೊಡುತ್ತಾರೆಯೇ?’ ಎಂದು ಹುಬ್ಬೇರಿಸುವವರು. ಅಂಥ ಉದ್ಯೋಗದಲ್ಲಿ ಮೂವತ್ತಾರು ವರ್ಷ ದುಡಿದು, ಬಂದರಿನ ಹಮಾಲರಿಂದ ಹಿಡಿದು ಹವಾಮಾನ ವಿಜ್ಞಾನಿಗಳವರೆಗೆ ಎಲ್ಲರ ಬಾಯಲ್ಲೂ ‘ಅಳತೆಯಮ್ಮ’ ಎನಿಸಿಕೊಂಡು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಕಚೇರಿಯ ಹಿರಿಯ ವೀಕ್ಷಕಿಯವರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ, ಅವರ ಕೈಕೆಳಗೆ ಪಳಗಿದ ಸಹೋದ್ಯೋಗಿಗಳಾದ ನಮ್ಮದಾಗಿದೆ. ಹೊಗಳಿದರೆ ಅವರು ಮುಖ ಸಿಂಡರಿಸುತ್ತಾರೆಂದು ಬಲ್ಲೆವು. ಆದರೆ ಇಷ್ಟು ವರ್ಷ ನಮ್ಮನ್ನು ಬಗ್ಗಿಸಿ ದುಡಿಸಿದವರನ್ನು ಇಷ್ಟು ಶಿಕ್ಷೆಯಾದರೂ ಕೊಡದೆ ಕಳಿಸುವುದು ಹೇಗೆ?

ಬಗ್ಗಿಸಿ ಎಂದದ್ದು ಅಕ್ಷರಶಃ ನಿಜ. ನಮ್ಮ ಕಚೇರಿ ಎಂದರೆ ಬಂದರುಕಟ್ಟೆಯ ತುದಿಯಲ್ಲಿರುವ ಎರಡು ಕೋಣೆಗಳು. ಒಂದರಲ್ಲಿ ಕೊಳವೆಯ ಮೂಲಕ ಸಮುದ್ರಕ್ಕೆ ಸೇರಿದ ಪುಟ್ಟ ಬಾವಿ. ಅದರಲ್ಲಿ ತೇಲುವ ಬುರುಡೆ ಏರಿದಂತೆ, ಇಳಿದಂತೆ, ಮೇಲೊಂದು ಲೇಖನಿ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಹೊರಗೆ ಕಟ್ಟೆಯ ಗೋಡೆಗೆ ಬಡಿದ ಅಳತೆಗೋಲೊಂದಿದೆ. ದಿನಕ್ಕೆ ಎರಡು ಬಾರಿ ಆ ಗೋಲನ್ನು ಕಣ್ಣಾರೆ ಓದಿ, ಲೇಖನಿ ಸರಿಯಾಗಿ ಬರೆಯುತ್ತಿದೆಯೇ ಎಂದು ತಾಳೆ ನೋಡಬೇಕು. ಹೊಸದಾಗಿ ಸೇರಿದವರೆಲ್ಲ ನಿಂತೇ ಓದಿ ಬಂದುಬಿಡುತ್ತಾರೆ. ಕಣ್ಣು ನೀರಿನ ಮಟ್ಟಕ್ಕೆ ಇಳಿಯದಿದ್ದರೆ ಅಂಕಿ ಎರಡು ಬೆರಳು ತಪ್ಪುತ್ತದೆ. ಅಳತೆಯಮ್ಮ ಬೈಯುತ್ತಿರಲಿಲ್ಲ. ತಾವೇ ಮೆಟ್ಟಿಲಿಳಿದು, ಪಾಚಿಯ ಮೇಲೆ ಮೊಣಕಾಲೂರಿ ಓದಿ ಬಂದು, ನಮ್ಮ ಅಂಕಿಯ ಪಕ್ಕದಲ್ಲಿ ತಮ್ಮ ಅಂಕಿಯನ್ನು ಬರೆಯುತ್ತಿದ್ದರು. ತಪ್ಪಾದದ್ದನ್ನು ಅಳಿಸಲು ಮಾತ್ರ ಬಿಡುತ್ತಿರಲಿಲ್ಲ. ಒಂದೇ ಒಂದು ಗೆರೆ ಎಳೆದು, ಕೆಳಗಿನ ಅಂಕಿ ಯಾರಿಗಾದರೂ ಕಾಣುವಂತೆ ಉಳಿಸಬೇಕು ಎಂಬುದು ಅವರ ಪದ್ಧತಿಯಾಗಿತ್ತು.

ಅವರ ಉಪಕಾರಗಳೂ ಹೀಗೆಯೇ, ಸದ್ದಿಲ್ಲದವು. ನಮ್ಮಲ್ಲೊಬ್ಬರ ಗಂಡ ಸಾರುವೆಯಿಂದ ಬಿದ್ದು ಆಸ್ಪತ್ರೆ ಸೇರಿದಾಗ, ಮೂರು ತಿಂಗಳು ಬೆಳಗಿನ ಅಳತೆಯನ್ನು ತಾವೇ ವಹಿಸಿಕೊಂಡರು. ಆಕೆ ಕೃತಜ್ಞತೆ ಹೇಳಲು ಬಾಯಿ ತೆರೆದರೆ, “ನಂಗೆ ಹೇಗೂ ನಿದ್ದೆ ಬರಲ್ಲ, ಮನೇಲಿ ಯಜಮಾನ್ರ ಗೊರಕೆ” ಎಂದು ಪಾಪದ ಗಂಡನ ಮೇಲೆ ಗೂಬೆ ಕೂರಿಸಿದರು. ಆ ಮನುಷ್ಯ ಗೊರಕೆ ಹೊಡೆಯುವುದೇ ಇಲ್ಲವೆಂದು ನಮಗೆ ಆಮೇಲೆ ತಿಳಿಯಿತು.

ಇಷ್ಟನ್ನೇ ಬರೆದು ಮುಗಿಸಿದ್ದರೆ ಈ ಲೇಖನ ಎಲ್ಲ ಅಭಿನಂದನ ಲೇಖನಗಳಂತೆ ಇರುತ್ತಿತ್ತು. ಆದರೆ ಈ ಅಭಿನಂದನ ಸಂಪುಟವನ್ನು ತರುತ್ತಿರುವ ಸಮಿತಿ ಅವರ ಒಪ್ಪಿಗೆ ಕೇಳಲು ಹೋದಾಗ ಅವರೊಂದು ಷರತ್ತು ಹಾಕಿದರು. ತಾವು ತಯಾರಿಸಿದ ಹನ್ನೊಂದು ವರ್ಷದ ತಪ್ಪು ಪಟ್ಟಿಯನ್ನು, ತಮ್ಮ ಸಹಿಯ ಸಮೇತ, ಸಂಪುಟದಲ್ಲಿ ಅಚ್ಚು ಹಾಕಬೇಕಂತೆ.

“ಅಭಿನಂದನ ಗ್ರಂಥದಲ್ಲಿ ತಪ್ಪಿನ ಪಟ್ಟಿ ಯಾರಾದ್ರೂ ಹಾಕ್ತಾರಾ ಮೇಡಂ?” ಎಂದು ಸಮಿತಿಯ ಅಧ್ಯಕ್ಷರು ಕಂಗಾಲಾದರು.

“ಹಾಕದಿದ್ರೆ ಗ್ರಂಥವೇ ಬೇಡ ಬಿಡಿ.”

ಆ ಪಟ್ಟಿಯ ಕತೆಯನ್ನು ಹೇಳದೆ ಅವರ ಬದುಕನ್ನು ಹೇಳಿದಂತಾಗುವುದಿಲ್ಲ. ಅವರಿಗೆ ಕೆಲಸ ಕಲಿಸಿದ ಹಿರಿಯ ಸಾಹೇಬರು ಬಲು ದೊಡ್ಡ ವೀಕ್ಷಕರು. ಒಮ್ಮೆ ಸಮುದ್ರದ ಮಟ್ಟ ಇದ್ದಕ್ಕಿದ್ದಂತೆ ಹೆಚ್ಚು ತೋರಿದಾಗ ಊರೆಲ್ಲ ಗಾಬರಿಯಾಗಿತ್ತು. ಏರಿದ್ದು ನೀರಲ್ಲ, ಬಂದರುಕಟ್ಟೆ ಕುಸಿದು ಗೋಲು ಕೆಳಗಿಳಿದಿದೆ ಎಂದು ಕಂಡುಹಿಡಿದವರು ಅವರೇ. ಅಂದಿನಿಂದ ಅದೇ ಕಚೇರಿಯ ನಿಯಮವಾಯಿತು: ವರ್ಷದ ಸರಾಸರಿ ಹಿಂದಿನ ವರ್ಷಕ್ಕಿಂತ ಹೆಚ್ಚು ಬಂದರೆ ಗೋಲು ಕುಸಿದಿದೆ ಎಂದು ತಿಳಿದು, ಹೆಚ್ಚಾದಷ್ಟನ್ನು ಕಳೆಯಬೇಕು. ಸಮುದ್ರ ಎಲ್ಲಿತ್ತೋ ಅಲ್ಲೇ ಇರುತ್ತದೆ ಎಂದು ಸಾಹೇಬರು ಗಟ್ಟಿಯಾಗಿ ನಂಬಿದ್ದರು. ಅವರು ನಿವೃತ್ತರಾದ ಮೇಲೆ ವಾರ್ಷಿಕ ಪಟ್ಟಿಯ ಹೊಣೆ ಅಳತೆಯಮ್ಮನವರ ಹೆಗಲಿಗೆ ಬಂತು. ಹನ್ನೊಂದು ವರ್ಷ ಅವರೂ ಹೆಚ್ಚಾದದ್ದನ್ನು ಭಕ್ತಿಯಿಂದ ಕಳೆದರು, ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ. ನಮ್ಮ ಪಟ್ಟಿಯಲ್ಲಿ ಸಮುದ್ರ ಹಾಸಿಗೆ ಹಿಡಿದ ರೋಗಿಯಂತೆ ಅಲುಗಾಡದೆ ಬಿದ್ದುಕೊಂಡಿತ್ತು.

ಬಂದರಿನ ಹಿಂದೆ ತಗ್ಗುಬೀದಿ ಎಂದು ಕರೆಯುವ ಓಣಿಯೊಂದಿದೆ. ಅಲ್ಲಿನ ದರ್ಜಿ ಹೆಂಗಸಿನ ಬಳಿ ಅಳತೆಯಮ್ಮ ತಮ್ಮ ರವಿಕೆ ಹೊಲಿಸುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ಒಂದು ದಿನ, ಹೊಲಿಗೆ ಯಂತ್ರ ಇಟ್ಟಿಗೆಗಳ ಮೇಲೆ ಕೂತಿದ್ದು ಅವರ ಕಣ್ಣಿಗೆ ಬಿತ್ತು.

“ಇದೇನಕ್ಕ, ಮಿಷನ್ನಿಗೆ ಅಟ್ಟ ಕಟ್ಟಿದೀರಾ?”

“ಏನ್ಮಾಡೋದು, ನೀರು ಬರತ್ತಲ್ಲ. ಮಳೆ ಬೇಡ, ಏನೂ ಬೇಡ. ಹುಣ್ಣಿಮೆ, ಅಮಾವಾಸ್ಯೆಗೆ ಚರಂಡಿಯಿಂದ ಉಕ್ಕತ್ತೆ. ನಮ್ಮತ್ತೆ ಕಾಲದಲ್ಲಿ ನೆಲದ ಮೇಲೇ ಇತ್ತು. ಮೊದಲು ಒಂದು ಇಟ್ಟಿಗೆ, ಆಮೇಲೆ ಎರಡು, ಈಗ ಮೂರು. ಸಮುದ್ರ ಅಳೆಯೋರು ನೀವಲ್ವಾ, ನೀವೇ ಹೇಳಿ.”

“ಸಮುದ್ರ ಏರಿಲ್ಲ ಅಕ್ಕ. ಚರಂಡಿ ಕಟ್ಟಿಕೊಂಡಿರಬೇಕು, ಮುನಿಸಿಪಾಲ್ಟಿಗೆ ಹೇಳಿ.”

ಹಾಗೆ ಹೇಳಿ ಎದ್ದು ಬಂದರಂತೆ. ದಾರಿಯುದ್ದಕ್ಕೂ ಆ ಮೂರು ಇಟ್ಟಿಗೆಗಳು ಅವರನ್ನು ಬಿಡಲಿಲ್ಲ. ಕಚೇರಿಯ ಹಿಂದೆ ಬಂಡೆಯಲ್ಲಿ ಕೂರಿಸಿದ ಹಿತ್ತಾಳೆಯ ಗುರುತೊಂದಿದೆ. ಕಟ್ಟೆ ಕುಸಿದರೂ ಬಂಡೆ ಕುಸಿಯದು. ಅದಕ್ಕೂ ಗೋಲಿಗೂ ಇರುವ ಎತ್ತರದ ಅಂತರವನ್ನು ಅಳೆದರೆ ಗೋಲು ಇಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಅದು ಅರ್ಧ ದಿನದ ಕೆಲಸ. ನಿಯಮ ಇರುವಾಗ ನೋಡುವುದೇಕೆ ಎಂದು ಯಾರೂ ನೋಡಿರಲಿಲ್ಲ. ಮರುದಿನ ಅವರು ನಮ್ಮಲ್ಲಿಬ್ಬರನ್ನು ಕರೆದುಕೊಂಡು ಅಳೆದರು. ನಾಲ್ಕು ಸಲ ಅಳೆದರು. ಸಾಹೇಬರು ಅಂದು ಅಳೆದು ಬರೆದಿಟ್ಟದ್ದಕ್ಕಿಂತ ಗೋಲು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಆಗಲೇ ತಗ್ಗುಬೀದಿಯಲ್ಲಿ ಒಂದು ಪ್ರಾಥಮಿಕ ಶಾಲೆಗೂ ನಲವತ್ತು ಮನೆಗಳಿಗೂ ಅಡಿಪಾಯ ಹಾಕಲು ಮಂಜೂರಾತಿ ಸಿಕ್ಕಿತ್ತು. ಕಡತದಲ್ಲಿ ‘ಸಮುದ್ರಮಟ್ಟ ಸ್ಥಿರವಾಗಿದೆ’ ಎಂಬ ಪಟ್ಟಿ ಲಗತ್ತಾಗಿತ್ತು. ಕೆಳಗೆ ಇದ್ದದ್ದು ಅಳತೆಯಮ್ಮನವರ ಸಹಿ.

ಅವರು ಮೊದಲು ಹೋದದ್ದು ಹಿರಿಯ ಸಾಹೇಬರ ಮನೆಗೆ. ಎಪ್ಪತ್ತು ದಾಟಿದ ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡು, “ಬಂಡೆಯಿಂದ ಅಳೆದ್ಯಾ?” ಎಂದರು.

“ನಾಲ್ಕು ಸಲ ಸಾರ್.”

ಸಾಹೇಬರು, “ಹಾಗಾದ್ರೆ ನಿಯಮ ನಂದು, ನನ್ನ ಹೆಸರು ಬರಿ. ನಿಂಗಿನ್ನೂ ಸರ್ವೀಸಿದೆ” ಎಂದರು.

“ಕಳೆದಿದ್ದು ನನ್ನ ಕೈ ಸಾರ್,” ಎಂದು ಅಳತೆಯಮ್ಮ ಎದ್ದರು.

ಮೇಲಧಿಕಾರಿಗಳಿಗೆ ಬರೆದ ಪತ್ರದಲ್ಲಿ ಅವರು ಸಾಹೇಬರ ಹೆಸರೆತ್ತಲಿಲ್ಲ. ಸಾಹೇಬರಿಂದಲೇ ಕಲಿತಿದ್ದ, ಒಂದೇ ಗೆರೆ ಎಳೆಯುವ ಅವರ ಪದ್ಧತಿಯಿಂದಾಗಿ ಹಳೆಯ ಅಂಕಿಗಳೆಲ್ಲ ಉಳಿದಿದ್ದವು. ಹನ್ನೊಂದು ವರ್ಷದಲ್ಲಿ ನೀರು ನಾಲ್ಕು ಬೆರಳು ಏರಿದೆ ಎಂದೂ, ಸಾಹೇಬರ ಕಾಲದ್ದನ್ನೂ ಸೇರಿಸಿದರೆ ಗೇಣಿಗೆ ತುಸು ಕಡಿಮೆ ಎಂದೂ ಲೆಕ್ಕ ಸಿಕ್ಕಿತು. ಬರಬೇಕಿದ್ದ ಬಡ್ತಿ ತಪ್ಪಿತು, ವಿಚಾರಣೆ ನಡೆಯಿತು. ಶಾಲೆಯ ಕೆಲಸ ನಿಂತು, ಅದು ದಿಬ್ಬದ ಮೇಲಕ್ಕೆ ಹೋಯಿತು. ನಲವತ್ತು ಮನೆಗಳೂ ಅಲ್ಲಿಗೇ ಹೋದವು.

ಆದರೆ ಆಗಲೇ ತಗ್ಗುಬೀದಿಯಲ್ಲಿ ಬದುಕುತ್ತಿದ್ದವರ ಗತಿ? ಅವರಿಗೆ ಹೇಳುವ ಕೆಲಸವನ್ನು ಅಳತೆಯಮ್ಮ ಬೇರೆಯವರಿಗೆ ಬಿಡಲಿಲ್ಲ. ಓಣಿಯ ಜನರನ್ನು ಸೇರಿಸಿ, “ನೀವು ಹೇಳಿದ್ದೇ ನಿಜ. ನಾನು ತಪ್ಪು ಬರೆದೆ. ಇಲ್ಲಿರೋದು ಇನ್ನು ಕ್ಷೇಮ ಅಲ್ಲ, ದಿಬ್ಬದ ಮೇಲೆ ಜಾಗ ಕೊಡ್ತಾರೆ, ದಯವಿಟ್ಟು ಹೋಗಿ” ಎಂದರು. ದರ್ಜಿಯಕ್ಕ ಎದ್ದು ನಿಂತರು.

“ಇಷ್ಟು ವರ್ಷ ನೀರು ಬರ್ತಿದೆ ಅಂದ್ರೆ ಸುಳ್ಳು ಅಂದ್ರಿ. ಈಗ ನಿಜ ಅಂತೀರಾ, ಅದೂ ಮನೆ ಬಿಡ್ಸೋಕೆ. ಆಗಲೇ ಹೇಳಿದ್ರೆ ನಾನು ಈ ಗೋಡೆ ಕಟ್ತಾ ಇದ್ನಾ? ನನ್ನ ಮಗಳು ಇಲ್ಲೇ ಬಾಡಿಗೆ ಹಿಡೀತಾ ಇದ್ಲಾ? ನಿಮ್ಮ ಮಾತು ಇನ್ಮೇಲೆ ನನ್ನ ಹೊಸ್ತಿಲು ದಾಟಬಾರದು.”

ಅಳತೆಯಮ್ಮ ಕಚೇರಿಗೆ ಮರಳಿದರು. ಆಕೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ಅವರು ನಮಗೆ ಹೇಳಿದರು, ಹೇಳುತ್ತಾ ಅತ್ತರು. ಮುಂದಿನ ಐದು ವರ್ಷ ಪ್ರತಿ ಹುಣ್ಣಿಮೆ, ಅಮಾವಾಸ್ಯೆಗೆ ತಗ್ಗುಬೀದಿಗೆ ಹೋಗಿ, ನೀರು ಬರುವ ಗಂಟೆಯನ್ನೂ ಮಟ್ಟವನ್ನೂ ಓಣಿಯ ತಿರುವಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟು ಬರುತ್ತಿದ್ದರು. ಮೊದಮೊದಲು ಯಾರೋ ಅಳಿಸುತ್ತಿದ್ದರು. ಬರೆದಷ್ಟೇ ನೀರು, ಬರೆದ ಹೊತ್ತಿಗೇ ಬರತೊಡಗಿದ ಮೇಲೆ ಅಳಿಸುವುದು ನಿಂತಿತು. ಒಂದೊಂದೇ ಸಂಸಾರ ಗಂಟುಮೂಟೆ ಕಟ್ಟಿತು. ಕೊನೆಗೆ ಹೋದವರಲ್ಲಿ ದರ್ಜಿಯಕ್ಕನೂ ಒಬ್ಬರು. ಅಳತೆಯಮ್ಮ ಎದುರಿಗೆ ಬಂದರೂ ಮುಖ ತಿರುಗಿಸಿಕೊಂಡೇ ಹೋದರು.

ಆಕೆ ಹೋಗಿ ಎರಡು ತಿಂಗಳಿಗೆ ಆ ದೊಡ್ಡ ಬಿರುಗಾಳಿ ಬಂತು. ಉಬ್ಬರದ ಹೊತ್ತಿಗೇ ಗಾಳಿಯೂ ಬಂದು, ತಗ್ಗುಬೀದಿಯಲ್ಲಿ ನೀರು ಕಿಟಕಿಯವರೆಗೆ ನಿಂತಿತು. ಒಳಗೆ ಒಬ್ಬ ಮನುಷ್ಯನೂ ಇರಲಿಲ್ಲ. ಮರುದಿನ ಬೆಳಿಗ್ಗೆ ದರ್ಜಿಯಕ್ಕ ನಮ್ಮ ಕಚೇರಿಯ ಬಾಗಿಲಲ್ಲಿ ಬಂದು ನಿಂತರು. ಜಗಳಕ್ಕೇ ಬಂದಿದ್ದಾರೆಂದು ನಾವು ಕುರ್ಚಿ ಹಿಂದೆ ಸರಿಸಿದೆವು. ಅಳತೆಯಮ್ಮ ಎದ್ದು ನಿಂತರು.

“ಹಳೇ ಮನೇಲಿ ಒಂದು ಪೆಟ್ಟಿಗೆ ಉಳಿದಿದೆ. ಇವತ್ತು ನೀರು ಎಷ್ಟೊತ್ತಿಗೆ ಇಳಿಯತ್ತೆ?”

ಅಳತೆಯಮ್ಮ ಪಟ್ಟಿ ನೋಡಲಿಲ್ಲ. ಹೊರಗೆ ಹೋಗಿ, ಮೊಣಕಾಲೂರಿ, ಗೋಲನ್ನು ಓದಿ ಬಂದರು. “ಎರಡು ಗಂಟೆಗೆ ಮೊಣಕಾಲುದ್ದ ಇರತ್ತೆ ಅಕ್ಕ. ನಾಲ್ಕರೊಳಗೆ ವಾಪಸ್ ಬಂದ್ಬಿಡಿ.”

“ಸರಿ,” ಎಂದರು ದರ್ಜಿಯಕ್ಕ, ಹೊರಟುಹೋದರು. ಕ್ಷಮಿಸಿದೆ ಎಂದು ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಆದರೆ ಎರಡು ಗಂಟೆಗೇ ಹೋಗಿ, ನಾಲ್ಕರೊಳಗೆ ಬಂದರು.

ಸಮುದ್ರ ಈಗಲೂ ಏರುತ್ತಿದೆ. ದಿಬ್ಬದ ಬುಡದ ಮನೆಗಳವರು ನೀರು ಬರುವ ಹೊತ್ತು ಕೇಳಲು ನಮ್ಮ ಕಚೇರಿಗೆ ಬರತೊಡಗಿದ್ದಾರೆ. ನಿವೃತ್ತಿ ಎಂಬುದು ಅಳತೆಯಮ್ಮನವರಿಗೆ ವಿಶ್ರಾಂತಿ ತರಲಿ, ಆರೋಗ್ಯ ತರಲಿ, ಯಜಮಾನರಿಗೆ ಹೊರಿಸಿದ ಗೊರಕೆಯ ಅಪವಾದವನ್ನು ತೊಳೆಯುವಷ್ಟು ಬಿಡುವನ್ನೂ ತರಲಿ ಎಂದು ಮನಸಾರೆ ಹಾರೈಸುತ್ತೇವೆ. ಆದರೆ ಪೂರ್ತಿ ಬಿಟ್ಟುಕೊಡಲು ನಾವು ಸಿದ್ಧರಿಲ್ಲ, ಕಾರಣವನ್ನೂ ಮುಚ್ಚಿಡುವುದಿಲ್ಲ. ಹೋದ ಹುಣ್ಣಿಮೆಗೆ ದರ್ಜಿಯಕ್ಕ ದಿಬ್ಬದ ಬುಡದ ದಾರಿಗೆ ನೀರು ಬರುವ ಹೊತ್ತು ಕೇಳಲು ಫೋನ್ ಮಾಡಿದಾಗ ನಾವೇ ಎತ್ತಿ, ಗಂಟೆ, ಮಟ್ಟ ಎಲ್ಲವನ್ನೂ ಒಪ್ಪವಾಗಿ ಹೇಳಿದೆವು. ಆಕೆ ಪೂರ್ತಿ ಕೇಳಿಸಿಕೊಂಡು, “ಅಳತೆಯಮ್ಮನ್ನ ಒಂದ್ಸಲ ಕೇಳಿ ಹೇಳಿ” ಎಂದರು. ನಮ್ಮ ಮಾತನ್ನೂ ಆಕೆ ನಂಬುವ ದಿನ ಬರುವವರೆಗಾದರೂ ನಮ್ಮ ಅಳತೆಯಮ್ಮ ಗಟ್ಟಿಮುಟ್ಟಾಗಿ ಬಾಳಲಿ.