ಮ್ಯೂಟಕ್ಕ ಬಾಯಿ ಬಿಟ್ಟ ಬೆಳಗು

ಬೆಳಗಿನ ಐದೂಮುಕ್ಕಾಲು. ಸೂರ್ಯ ಇನ್ನೂ ಮಗ್ಗುಲು ಬದಲಿಸುತ್ತಿದ್ದಾನೆ. ದಿನಾ ಅವನನ್ನು ತಟ್ಟಿ ಎಬ್ಬಿಸಿಯೇ ಮ್ಯೂಟಕ್ಕ ಕೆಲಸಕ್ಕೆ ಬರುವುದೆಂದು ವಿಶ್ವವಿದ್ಯಾಲಯದ ಗೇಟಿನ ಕಾವಲುಗಾರ ಆಣೆ ಮಾಡಿ ಹೇಳುತ್ತಾನೆ, ನಂಬದಿರಲು ಕಾರಣವಿಲ್ಲ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಕಂಕುಳಲ್ಲಿ ಚಹಾದ ಫ್ಲಾಸ್ಕು, ಕೈಯಲ್ಲಿ ಟಾರ್ಚು. ಸಾರ್ವಜನಿಕ ಆರೋಗ್ಯ ವಿಭಾಗ ಇರುವುದು ಮೂರನೆಯ ಮಹಡಿಯಲ್ಲಿ. ಲಿಫ್ಟು ಎಂಟು ಗಂಟೆಗೆ ಮೊದಲು ಕಣ್ಣು ಬಿಡುವುದಿಲ್ಲ. ಅರವತ್ತಾರು ಮೆಟ್ಟಿಲು. ಐವತ್ತೆಂಟು ವರ್ಷದ ಮೊಣಕಾಲುಗಳು ಮೆಟ್ಟಿಲಿಗೊಂದು ಬೈಗುಳ ಹಂಚುತ್ತ ಮೇಲೆ ತಲುಪುತ್ತವೆ.

ಸೆಮಿನಾರ್ ಹಾಲಿನ ಬಾಗಿಲು ತೆರೆದು, ಕಂಪ್ಯೂಟರಿಗೆ ಹೊದಿಸಿದ ಹಳೆಯ ದಿಂಬಿನ ಚೀಲವನ್ನು ಮಲಗಿದ ಮಗುವಿನ ಹೊದಿಕೆ ಸರಿಸುವ ಹಾಗೆ ಸರಿಸುತ್ತಾರೆ. ಯಂತ್ರ ಕೆಮ್ಮಿ, ಗೊಣಗಿ, ಹತ್ತು ನಿಮಿಷ ತೆಗೆದುಕೊಂಡು ಏಳುತ್ತದೆ. ಕೀಬೋರ್ಡಿನ ಅಕ್ಷರಗಳೆಲ್ಲ ಇನ್ನೂ ಹೊಸದರಂತೆ ಹೊಳೆಯುತ್ತವೆ, ಒಂದನ್ನು ಬಿಟ್ಟು. ‘ಎಂ’ ಸವೆದು ಬೋಳಾಗಿದೆ. ಮೈಕು ಮುಚ್ಚಲು, ಅಂದರೆ ಮ್ಯೂಟ್ ಮಾಡಲು, ಒತ್ತುವ ಕೀಲಿ ಅದು. ಆರು ವರ್ಷಗಳಲ್ಲಿ ಈಕೆಯ ತೋರುಬೆರಳು ಅದರ ಮೇಲೆ ನಡೆದ ದೂರವನ್ನು ಯಾರಾದರೂ ಅಳೆದರೆ ಭೂಮಿಗೆ ಎರಡು ಸುತ್ತಾಗಿ, ಮೂರನೆಯದರಲ್ಲಿ ಅರ್ಧ ದಾರಿ ಬಂದಿರುತ್ತದೆ.

ವಿಭಾಗದಲ್ಲಿ ಎಲ್ಲರಿಗೂ ಇವರು ಮ್ಯೂಟಕ್ಕ. ವೆಬಿನಾರಿನಲ್ಲಿ ಒಬ್ಬರು ಮಾತಾಡುತ್ತಾರೆ, ಉಳಿದವರು ತಂತಮ್ಮ ಮನೆಯಿಂದ ಕೇಳುತ್ತಾರೆ. ಕೇಳುವವರು ಮೈಕು ಮುಚ್ಚಲು ಮರೆತರೆ ಒಂದು ಮನೆಯ ಕುಕ್ಕರು ಕೂಗುತ್ತದೆ, ಇನ್ನೊಂದು ಮನೆಯಲ್ಲಿ ಗಂಡ ಹೆಂಡಿರ ಜಗಳ ಕಾವೇರುತ್ತದೆ. ಸದ್ದು ಯಾವ ಮನೆಯದೆಂದು ಪತ್ತೆ ಹಚ್ಚಿ, ಮರುಕ್ಷಣವೇ ಬಾಯಿ ಮುಚ್ಚಿಸುವುದು ಮ್ಯೂಟಕ್ಕನ ಉದ್ಯೋಗ. ವಾರಕ್ಕೆ ನಾಲ್ಕು ವೆಬಿನಾರು, ಎರಡು ಸೆಮಿನಾರು. ವೆಬಿನಾರೊಂದಕ್ಕೆ ಕಡಿಮೆಯೆಂದರೂ ಎಪ್ಪತ್ತು ಸಲ ಮೈಕು ಮುಚ್ಚುವುದು, ಸೆಮಿನಾರೊಂದಕ್ಕೆ ನೂರಿಪ್ಪತ್ತು ಕುರ್ಚಿ ಜೋಡಿಸುವುದು. ಕೆಮ್ಮು ಕೇಳಿದರೆ ಸಾಕು, ಕೆಮ್ಮಿದವರು ಯಾರು, ಎಷ್ಟು ದಿನದಿಂದ ಕೆಮ್ಮುತ್ತಿದ್ದಾರೆ ಎಂದು ಹೇಳಿಬಿಡುತ್ತಾರೆ. ಅಂಥ ಕಿವಿ ಪ್ರಪಂಚದಲ್ಲಿ ಇನ್ನೊಂದಿಲ್ಲ.

“ಆಫೀಸಲ್ಲಿ ಊರೋರ ಬಾಯೆಲ್ಲ ಮುಚ್ಚಿಸ್ತಾಳಂತೆ. ಇಪ್ಪತ್ತೊಂಬತ್ತು ವರ್ಷ ಆಯ್ತು, ನನ್ನೊಬ್ಬಳ ಬಾಯಿ ಮುಚ್ಚಿಸೋಕೆ ಆಗಿಲ್ಲ ನೋಡಿ!” ಎಂದು ಇವರ ಅತ್ತೆ ಬೀದಿಗೆಲ್ಲ ಕೇಳುವಂತೆ ಹೆಮ್ಮೆಪಡುತ್ತಾರೆ. ಹಾಗೆನ್ನುತ್ತಲೇ ಬೆಳಗಿನ ಜಾವ ಎದ್ದು ಸೊಸೆಯ ಫ್ಲಾಸ್ಕಿಗೆ ಚಹಾ ತುಂಬಿಸುವವರೂ ಅವರೇ. ದರ್ಜಿಯಾದ ಯಜಮಾನರು ಇಬ್ಬರ ನಡುವೆ ಹೊಲಿಗೆಯಂತ್ರದ ಸದ್ದು ಜೋರುಮಾಡಿಕೊಂಡು ಬದುಕಿದ್ದಾರೆ.

ಇಪ್ಪತ್ತೆರಡು ವರ್ಷಗಳ ಹಿಂದೆ ಇವರು ಸೇರಿದ್ದು ಕುರ್ಚಿ ಜೋಡಿಸುವ, ವೇದಿಕೆಯ ಮೇಲೆ ನೀರಿನ ಬಾಟಲಿ ಇಡುವ ಕೆಲಸಕ್ಕೆ. ಸಭೆಗಳು ಕಂಪ್ಯೂಟರಿನೊಳಗೆ ಹೊಕ್ಕಾಗ ಕುರ್ಚಿಗಳಿಗೂ ಇವರಿಗೂ ಒಟ್ಟಿಗೇ ಕೆಲಸ ತಪ್ಪುವ ಹಾಗಾಯಿತು. ಮೌಸು ಹಿಡಿದರೆ ಕೈ ಬೆವರುತ್ತಿತ್ತು. ವಿಭಾಗದ ಟೈಪಿಸ್ಟ್ ಊಟದ ಬಿಡುವಿನಲ್ಲಿ ಪಕ್ಕ ಕೂರಿಸಿಕೊಂಡು ಮೂರು ವಾರ ಕಲಿಸಿದಳು. “ನನಗಿಂತ ಹತ್ತು ವರ್ಷ ಚಿಕ್ಕೋಳು. ಒಂದ್ಸಲನೂ ಬೇಜಾರು ಮಾಡ್ಕೊಳ್ಳಲಿಲ್ಲ. ಈ ಕುರ್ಚಿ ಅವಳು ಕೊಟ್ಟಿದ್ದು” ಎನ್ನುತ್ತ ಮ್ಯೂಟಕ್ಕ ಕುರ್ಚಿಯ ಕೈ ಸವರುತ್ತಾರೆ.

ಮೊದಲ ವೆಬಿನಾರಿನ ಕಥೆಯನ್ನು ವಿಭಾಗ ಇಂದಿಗೂ ಮರೆತಿಲ್ಲ. ಯಾರದೋ ಮನೆಯ ನಾಯಿ ಬೊಗಳಿತು. ಗಾಬರಿಯಲ್ಲಿ ಮ್ಯೂಟಕ್ಕ ನಾಯಿಯನ್ನು ಬಿಟ್ಟು ಭಾಷಣಕಾರರ ಬಾಯಿ ಮುಚ್ಚಿದರು. ಹಿರಿಯ ಪ್ರಾಧ್ಯಾಪಕರು ಹದಿನೆಂಟು ನಿಮಿಷ ಕೈಬೀಸಿ, ಕಣ್ಣರಳಿಸಿ ಶುದ್ಧ ನೀರಿನ ಬಗ್ಗೆ ಮಾತಾಡಿದರು. ದೇಶಕ್ಕೆಲ್ಲ ಕೇಳಿಸಿದ್ದು ನಾಯಿಯ ಅಭಿಪ್ರಾಯ ಮಾತ್ರ. ಕೆಲಸ ಹೋಯಿತೆಂದೇ ಈಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರೆ, ಪ್ರಾಧ್ಯಾಪಕರು ನಗುತ್ತ ಬಂದು, “ಮೂವತ್ತು ವರ್ಷದಲ್ಲಿ ಮೊದಲ ಸಲ ಯಾರೂ ಅಡ್ಡ ಬಾಯಿ ಹಾಕದೆ ನನ್ನ ಭಾಷಣ ನಡೀತು ಕಣಮ್ಮ. ನಿನಗೆ ನಾನೇ ಥ್ಯಾಂಕ್ಸ್ ಹೇಳ್ಬೇಕು” ಎಂದರಂತೆ. ಹೆಸರು ಅಂದೇ ಅಂಟಿತು.

ಕೆಲಸದ ಪಟ್ಟಿಯಲ್ಲಿಲ್ಲದ ಇನ್ನೊಂದು ಕೆಲಸವನ್ನು ಮ್ಯೂಟಕ್ಕ ತಾವಾಗಿ ತಲೆಗೆ ಕಟ್ಟಿಕೊಂಡಿದ್ದಾರೆ. ವೆಬಿನಾರು ಮುಗಿಯುವಾಗ ಉತ್ತರ ಸಿಗದ ಪ್ರಶ್ನೆಗಳು ಪರದೆಯ ಮೂಲೆಯಲ್ಲಿ ಉಳಿದಿರುತ್ತವೆ. ಸಭೆ ಮುಚ್ಚಿದರೆ ಅವೂ ಮಾಯ. ಅಷ್ಟರೊಳಗೆ ಅವನ್ನೆಲ್ಲ ಕೇಳಿದವರ ಫೋನ್ ನಂಬರಿನ ಸಮೇತ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಆಮೇಲೆ ಶುರುವಾಗುತ್ತದೆ ಬೇಟೆ. ಮೆಟ್ಟಿಲಲ್ಲಿ, ಕ್ಯಾಂಟೀನಿನಲ್ಲಿ, ಕಾರಿನ ಬಾಗಿಲಲ್ಲಿ ಡಾಕ್ಟರುಗಳನ್ನು ಅಡ್ಡಗಟ್ಟಿ ಉತ್ತರ ವಸೂಲು ಮಾಡಿ, ಕೇಳಿದವರಿಗೆ ಫೋನಿನಲ್ಲಿ ತಲುಪಿಸುತ್ತಾರೆ. ಇವರನ್ನು ಕಂಡು ಒಬ್ಬ ಡಾಕ್ಟರು ಕಿಟಕಿಯಿಂದ ಹಾರಿದರೆಂಬ ಸುದ್ದಿಯೂ ಇದೆ. ಅದು ನೆಲಮಹಡಿಯ ಕಿಟಕಿಯೆಂಬುದು ಸಮಾಧಾನ.

ಒಮ್ಮೆ ಹಾಗೆ ಉಳಿದ ಪ್ರಶ್ನೆ: ಭೇದಿಯಾದ ಮಗು ಉಪ್ಪು ಸಕ್ಕರೆ ನೀರನ್ನೂ ವಾಂತಿ ಮಾಡುತ್ತಿದೆ, ನಿಲ್ಲಿಸಬೇಕೇ? ಕೇಳಿದವರ ಹೆಸರಿನ ಜಾಗದಲ್ಲಿ ಇದ್ದದ್ದು ‘ಅಮ್ಮನ ಫೋನ್’. ಮ್ಯೂಟಕ್ಕ ಮೂರು ಮಹಡಿ ಓಡಿ ಇಳಿದು ಡಾಕ್ಟರರ ಕಾರಿನ ಮುಂದೆ ನಿಂತರು. ನಿಲ್ಲಿಸಬೇಡಿ, ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕೊಡಿ, ಆಸ್ಪತ್ರೆಗೂ ಕರೆದೊಯ್ಯಿರಿ ಎಂಬ ಉತ್ತರ ಫೋನಿನಲ್ಲಿ ಹೋಯಿತು. ಸಂಜೆ ಅತ್ತಲಿಂದ ಕರೆ: “ಮಗು ನೀರು ಉಳಿಸ್ಕೊಳ್ತಿದೆ ಅಕ್ಕ.” ಆ ದಿನಾಂಕದ ಪುಟವನ್ನು ಮ್ಯೂಟಕ್ಕ ಇಂದಿಗೂ ಮಡಚಿಟ್ಟಿದ್ದಾರೆ.

ಇಂಥ ಪ್ರಶ್ನೆಗಳು ಹೆಚ್ಚಾಗಿ ಬರುವುದು ಗುರುವಾರ ಬೆಳಗಿನ ಆರೂವರೆಯ ವೆಬಿನಾರಿನಲ್ಲಿ. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗಾಗಿಯೇ ನಡೆಯುವ ಸಭೆ ಅದು. ಎಂಟಕ್ಕೆ ಅವರು ಚೀಲ ಹೆಗಲಿಗೇರಿಸಿ ಹೊರಟರೆ ಮರಳುವುದು ಸಂಜೆ. ಆದರೆ ಇವತ್ತು ಆ ಸಭೆಯ ಕೊರಳಿಗೇ ಕತ್ತಿ ಬಂದಿದೆ. ವಿಭಾಗದ ಮುಖ್ಯಸ್ಥೆ ಕಳೆದ ವಾರವೇ ಹೇಳಿದ್ದಾರೆ: “ಪಟ್ಟಿಯಲ್ಲಿ ಯಾವಾಗ ನೋಡಿದ್ರೂ ಅರವತ್ತೇ ಜನ. ಅಷ್ಟು ಜನಕ್ಕೋಸ್ಕರ ಡಾಕ್ಟರನ್ನ ನಸುಕಲ್ಲಿ ಎಬ್ಬಿಸ್ಬೇಕಾ? ಮುಂದಿನ ಗುರುವಾರ ನೂರೈವತ್ತು ಆದ್ರೆ ಸರಿ. ಇಲ್ಲಾಂದ್ರೆ ಹನ್ನೊಂದು ಗಂಟೆಗೆ ಇಟ್ಕೊಳ್ಳೋಣ.”

ಹನ್ನೊಂದಕ್ಕೆ ಇಟ್ಟರೆ ಒಬ್ಬಳೂ ಬರಲಾರಳು. ಅದನ್ನು ಮ್ಯೂಟಕ್ಕ ಹೇಳಿದರು. “ನನಗೆ ಕಾಣೋದು ಸಂಖ್ಯೆ ಅಮ್ಮ” ಎಂದರು ಮೇಡಂ.

ಆರೂವರೆಗೆ ಮೇಡಂ ಶಾಲು ಹೊದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಪರದೆಯಲ್ಲಿ ಆಕಳಿಕೆ ನುಂಗುತ್ತಿರುವ ಯುವ ಡಾಕ್ಟರು. ವಿಷಯ, ಗರ್ಭಿಣಿಯರ ರಕ್ತಹೀನತೆ. ಪಟ್ಟಿಯಲ್ಲಿ ಒಂದೊಂದೇ ಹೆಸರು ಮೂಡುತ್ತದೆ: ‘ಅಮ್ಮನ ಫೋನ್’, ‘ಚಿನ್ನು’, ‘ಹೊಸ ಮೊಬೈಲ್’, ‘ಹೊಸ ಮೊಬೈಲ್ ೨’. ಐವತ್ತು. ಐವತ್ತೆಂಟು. ಅರವತ್ತೊಂದರಲ್ಲಿ ಸಂಖ್ಯೆ ಕಾಲು ಮುರಿದುಕೊಂಡು ಕೂರುತ್ತದೆ. ಕಬ್ಬಿಣಾಂಶದ ಮಾತ್ರೆ ನುಂಗಿದರೆ ಮಲ ಕಪ್ಪಾಗುವುದು ಸಹಜ, ಹೆದರಿ ನಿಲ್ಲಿಸಬಾರದು ಎಂದು ಡಾಕ್ಟರು ಹೇಳಿ ಮುಗಿಸುತ್ತಾರೆ. ಮೇಡಂ ಗಡಿಯಾರ ನೋಡಿ, ಪೆನ್ನಿನ ಮುಚ್ಚಳ ಹಾಕುತ್ತಾರೆ.

ಮ್ಯೂಟಕ್ಕನ ಬೆರಳು ‘ಎಂ’ ಮೇಲೆಯೇ ಇದೆ. ಆರು ವರ್ಷಗಳಲ್ಲಿ ತಮ್ಮ ಮೈಕನ್ನು ಇವರು ಒಮ್ಮೆಯೂ ತೆರೆದಿಲ್ಲ. ಅದು ಭಾಷಣಕಾರರ ಹಕ್ಕು. ಇವತ್ತು ತೆರೆಯುತ್ತಾರೆ. ಜೊತೆಗೆ ಅರವತ್ತೊಂದೂ ಮೈಕುಗಳನ್ನು.

ಸಮುದ್ರವೇ ಹಾಲಿನೊಳಗೆ ನುಗ್ಗಿದ ಸದ್ದು. ಕುಕ್ಕರು, ಕೊಳಾಯಿ, ಬಸ್ಸಿನ ಹಾರನ್ನು, ಅಳುವ ಮಗು, ಕೊನೆಗೆ ಅದೇ ನಾಯಿ. ಮೇಡಂ ಕುರ್ಚಿಯಿಂದ ಎರಡು ಅಡಿ ಮೇಲೆ ಹಾರಿ ಕೂರುತ್ತಾರೆ.

“ಎಲ್ಲಾರೂ ಒಂದ್ನಿಮಿಷ ಇರ್ರಮ್ಮ. ಹೋಗ್ಬೇಡಿ” ಎನ್ನುತ್ತಾರೆ ಮ್ಯೂಟಕ್ಕ.

ಸದ್ದು ತಗ್ಗುತ್ತದೆ. ಎಲ್ಲಿಂದಲೋ ಒಬ್ಬಳು, “ಯಾರು ಮಾತಾಡ್ತಿರೋದು?” ಎನ್ನುತ್ತಾಳೆ. ಇನ್ನೊಬ್ಬಳು ಕಿರುಚುತ್ತಾಳೆ: “ಅಯ್ಯೋ, ಇದು ಫೋನ್ ಮಾಡೋ ಅಕ್ಕನ ದನಿ ಕಣೇ!”

“ಅಕ್ಕ, ನೀವೇನಾ?”

“ಅಕ್ಕ, ಅವತ್ತು ಹೇಳಿದ್ರಲ್ಲ, ಆ ಮಗು ಈಗ ಶಾಲೆಗೆ ಹೋಗ್ತಿದೆ!” ಇದು ‘ಅಮ್ಮನ ಫೋನ್’.

ಮ್ಯೂಟಕ್ಕ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾರೆ. “ಅದೆಲ್ಲ ಆಮೇಲೆ. ಈಗ ಒಬ್ಬೊಬ್ಬರೇ ಹೇಳಿ. ನಿಮ್ಮ ಫೋನಿನ ಮುಂದೆ ಎಷ್ಟು ಜನ ಕೂತಿದೀರಾ? ಚಿನ್ನು, ನೀನು ಮೊದಲು.”

“ನಾವು ನಾಲ್ಕು ಜನ ಅಕ್ಕ. ಫೋನಿರೋದು ನನ್ನ ಹತ್ರ ಮಾತ್ರ.”

“ಹೊಸ ಮೊಬೈಲ್?”

“ಏಳು! ಇಬ್ಬರು ಬಾಗಿಲಲ್ಲಿ ನಿಂತಿದಾರೆ, ಜಾಗ ಇಲ್ಲ.”

ಮೇಡಂ ಪೆನ್ನಿನ ಮುಚ್ಚಳ ತೆಗೆಯುತ್ತಾರೆ. ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಗೀಟು ಎಳೆಯುತ್ತ ಹೋಗುತ್ತಾರೆ. ಮೂರು, ಐದು, ಎರಡು, ಆರು. ಒಬ್ಬಳು ‘ನಾನೊಬ್ಬಳೇ’ ಎಂದು ನಾಚಿ ಹೇಳಿದಾಗ, “ಒಬ್ಬಳಾದ್ರೂ ಬಂದ್ಯಲ್ಲ ತಾಯಿ” ಎಂದು ಮೇಡಂ ತಾವೇ ಮೈಕಿನತ್ತ ಬಗ್ಗುತ್ತಾರೆ. ಕೂಡಿಸಿ, ನಂಬದೆ ಇನ್ನೊಮ್ಮೆ ಕೂಡಿಸುತ್ತಾರೆ. ಇನ್ನೂರ ಹದಿನಾಲ್ಕು.

“ಇದು ನಿಮಗೆ ಮೊದಲೇ ಗೊತ್ತಿತ್ತಾ?”

“ಜನ ಇದಾರೆ ಅಂತ ಗೊತ್ತಿತ್ತು ಮೇಡಂ, ಎಷ್ಟು ಅಂತ ಗೊತ್ತಿರಲಿಲ್ಲ. ಮೈಕು ಮುಚ್ಚೋ ಮುಂಚೆ ಒಂದು ಗಳಿಗೆ ಕೇಳ್ಸುತ್ತಲ್ಲ, ಒಂದೊಂದು ಫೋನಲ್ಲಿ ನಾಲ್ಕೈದು ಬಳೆ ಸದ್ದು ಇರುತ್ತೆ.”

ಮೇಡಂ ಗೀಟುಗಳನ್ನು ಮೂರನೆಯ ಸಲ ಕೂಡಿಸುತ್ತಾರೆ. ಈ ವಿಶ್ವವಿದ್ಯಾಲಯದ ಇತಿಹಾಸದಲ್ಲೇ ಮುಖ್ಯಸ್ಥರೊಬ್ಬರು ಒಂದೇ ಲೆಕ್ಕವನ್ನು ಮೂರು ಸಲ ಕೂಡಿಸಿದ ದಾಖಲೆ ಇಲ್ಲ. ಆಮೇಲೆ, “ಗುರುವಾರ ಆರೂವರೆನೇ ಇರಲಿ. ನಾನೂ ಬರ್ತೀನಿ. ಮತ್ತೆ ಆ ನೋಟ್‌ಬುಕ್ ಒಂದ್ಸಲ ನನಗೂ ತೋರಿಸಿ, ನಾನೂ ಉತ್ತರ ಬರೀತೀನಿ. ಥ್ಯಾಂಕ್ಸ್ ಕಣ್ರಮ್ಮ” ಎನ್ನುತ್ತಾರೆ. ಪರದೆಯೊಳಗಿನ ಅರವತ್ತೊಂದು ಮನೆಗಳಿಂದ ಎದ್ದ ಚಪ್ಪಾಳೆಗೆ ಕಿಟಕಿಯ ಪಾರಿವಾಳಗಳು ಹಾರಿದವು, ಇನ್ನೂ ಇಳಿದಿಲ್ಲ.

ಎಂಟು ಗಂಟೆ. ಕಾರ್ಯಕರ್ತೆಯರು ಚೀಲ ಹೆಗಲಿಗೇರಿಸಿರುತ್ತಾರೆ. ಲಿಫ್ಟು ಕಣ್ಣು ಬಿಟ್ಟಿದೆ. ಮ್ಯೂಟಕ್ಕ ಅತ್ತೆಯ ಚಹಾವನ್ನು ಎರಡು ಲೋಟಕ್ಕೆ ಬಗ್ಗಿಸಿ, ಒಂದನ್ನು ಮೇಡಂ ಕೈಗಿಡುತ್ತಾರೆ. ವರದಿಯಲ್ಲಿ ಬರೆಯಲು ಇನ್ನೇನಾದರೂ ಇದೆಯೇ ಎಂದು ಮೇಡಂ ಕೇಳುತ್ತಾರೆ. ಈಕೆ ಲೋಟದೊಳಗೇ ನೋಡುತ್ತ ಕೇಳುವುದು ಇಷ್ಟೇ:

“ಇನ್ನೂರ ಹದಿನೈದು ಅಂತ ಬರ್ಕೊಳ್ಳಿ ಮೇಡಂ. ಆರು ವರ್ಷದಿಂದ ನಾನೂ ಕೇಳ್ತಾನೇ ಇದೀನಿ.”