ನಾನೇ ಕೊಟ್ಟ ಪರವಾನಾ

ನನ್ನ ಪಾಸ್‌ವರ್ಡ್ ನನ್ನನ್ನು ಬಿಟ್ಟು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಯಜಮಾನರಿಗೂ ಕೊನೆಯವರೆಗೆ ಹೇಳಿರಲಿಲ್ಲ. ಪಾಪ, ಅವರು ಕೇಳಿಯೂ ಇರಲಿಲ್ಲ, ಪರ್ಫೆಕ್ಟ್ ಜೆಂಟಲ್‌ಮನ್. ಈ ಗುಟ್ಟಿನ ಚಟ ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿ ಅಂಟಿದ್ದು. ಅಲ್ಲಿ ಮನೆಗೆ ಬರೆದ ಪತ್ರವನ್ನು ತೆರೆದೇ ಕೊಡಬೇಕಿತ್ತು. ‘ಐ ಆಮ್ ಲೋನ್ಲಿ’ ಎಂದು ಬರೆದರೆ ಸಿಸ್ಟರ್ ಕೆಂಪು ಪೆನ್ಸಿಲ್‌ನಿಂದ ಲೋನ್ಲಿಯ ಸ್ಪೆಲಿಂಗ್ ಮಾತ್ರ ತಿದ್ದುತ್ತಿದ್ದರು. ಒಂಟಿತನ ಹಾಗೇ ಇರುತ್ತಿತ್ತು.

ಇಂಥ ನಾನು ಕಳೆದ ವಾರ ಶಹಾಬಾದಿನ ನಮ್ಮ ಭಜನಾ ಮಂಡಳಿಯ ಎದುರು ಬೆತ್ತಲಾದೆ.

ಆದದ್ದಿಷ್ಟು. ಭಜನೆಗೆ ಎಲ್ಲರಿಗೂ ಬಿಡುವಿರುವ ದಿನ ಹುಡುಕಲೆಂದು ಮಂಡಳಿಯವರು ಒಂದು ಆ್ಯಪ್ ಹಾಕಿಸಿದರು. ‘ನಿಮ್ಮ ಕ್ಯಾಲೆಂಡರ್ ನೋಡಲೇ?’ ಎಂದು ಅದು ಕೇಳಿತು. ಪಾಸ್‌ವರ್ಡ್ ಕೇಳಲಿಲ್ಲವಲ್ಲ, ಎಷ್ಟು ಡೀಸೆಂಟ್ ಎಂದುಕೊಂಡು ‘ಅಲೌ’ ಒತ್ತಿದೆ. ಮುಂದಿನ ಗುರುವಾರ ಭಜನೆ ಮುಗಿದು ಚಹಾ ಬಂದಾಗ ಗೆಳತಿ ಸುಗಲಾಬಾಯಿ ತನ್ನ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ನನ್ನ ಹೆಸರಿನ ಕೆಳಗೆ ನಾನೇ ಬರೆದುಕೊಂಡಿದ್ದ ಸಾಲಿತ್ತು: ‘ಬುಧವಾರ, ಕಲಬುರಗಿ, ಎದೆಯ ಗಂಟಿನ ಬಯಾಪ್ಸಿ. ಯಾರಿಗೂ ಹೇಳಬಾರದು.’

“ಯಾರಿಗೂ ಹೇಳಬಾರದು ಅಂತ ಹದಿನಾಲ್ಕು ಮಂದಿಗಿ ಹೇಳೀದಿ ನೋಡು! ನನಗ ಒಬ್ಬಾಕಿಗಿ ಹೇಳಲಿಕ್ಕ ಏನಾಗಿತ್ತ? ನಾ ಏನ್ ಸತ್ತೀನೇನ್?” ಎಂದಳು.

ಮೈ ಗಾಡ್! ಕೈಯಲ್ಲಿದ್ದ ಚಹಾ ಸೀರೆಯ ಮೇಲಿತ್ತು. ಗಂಟಿಗಿಂತ ನನಗೆ ಭಯವಿದ್ದದ್ದು ಇದಕ್ಕೇ, ಉಳಿದ ಹದಿಮೂರು ಜನ ಒಮ್ಮೆಲೇ ಮೆತ್ತಗೆ ಮಾತಾಡುವುದಕ್ಕೆ. ಅದು ಆಗಲೇ ಶುರುವಾಗಿತ್ತು.

ಮನೆಗೆ ಬಂದವಳೇ ಪಾಸ್‌ವರ್ಡ್ ಬದಲಿಸಿದೆ. ಶೇಕ್ಸ್‌ಪಿಯರನಿಗೂ ನೆನಪಿಡಲಾಗದಂಥ ಹೊಸದೊಂದನ್ನು ಇಟ್ಟೆ. ಕಳ್ಳನನ್ನು ಹೊರಗಿಟ್ಟ ನೆಮ್ಮದಿಯಲ್ಲಿ ಮಲಗಿದೆ. ಮರುದಿನ ಡಾಕ್ಟರು ತಪಾಸಣೆಯನ್ನು ಸೋಮವಾರಕ್ಕೆ ಬದಲಿಸಿದರು. ಕ್ಯಾಲೆಂಡರ್ ತಿದ್ದಿ ಇನ್ನೂ ಕನ್ನಡಕ ತೆಗೆದಿರಲಿಲ್ಲ, ಸುಗಲಾಬಾಯಿಯ ಫೋನು: “ಸೋಮವಾರಕ್ಕ ಹೋಯ್ತೇನು?” ಬೀಗ ಬದಲಿಸಿದ ಮನೆಯೊಳಗೆ ಕಳ್ಳ ಆರಾಮಾಗಿ ಕುಳಿತಿದ್ದ!

ತಂಗಿಯ ಮಗಳು ಸುನೀತಾ ಸೇಡಂನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಭಾನುವಾರ ಬಂದವಳು ಕಥೆ ಕೇಳಿ ನಕ್ಕಳು.

“ದೊಡ್ಡವ್ವ, ಕೀಲಿ ಯಾರ ಕದ್ದಾರ? ನೀವೇ ಪರವಾನಾ ಬರಕೊಟ್ಟೀರಿ. ಅದನ್ನ ವಾಪಸ್ ತಗೋಬೇಕ್ರಿ.”

ಪರವಾನಾ! ನಿಜಾಮನ ಕಾಲದಿಂದ ನಮ್ಮ ಕಡೆ ಉಳಿದ ಮಾತು. ಸರಕಾರದ ಪರವಾನಾ ಹಿಡಿದು ಬಂದವನಿಗೆ ಕೀಲಿಕೈ ಯಾಕೆ ಬೇಕು? ಪಹರೆಯವನು ಕಾಗದ ನೋಡಿ ತಾನೇ ಬಾಗಿಲು ತೆರೆಯುತ್ತಿದ್ದ. ಬೀಗ ಎಷ್ಟು ಸಲ ಬದಲಾದರೂ ಕಾಗದ ಕಾಗದವೇ. ಉಪಾಯ ಚೆನ್ನಾಗಿಯೇ ಇದೆ, ಪಾಸ್‌ವರ್ಡ್ ಹೇಳದೆಯೇ ಬೇಕಾದವರನ್ನು ಇಷ್ಟೇ ಇಷ್ಟು ಒಳಗೆ ಬಿಡಬಹುದು. ಆದರೆ ಎಷ್ಟು ಬಿಟ್ಟೆ ಎಂದು ಓದಿ ನೋಡುವ ಕೆಲಸ ನನ್ನದಾಗಿತ್ತು. ಸುನೀತಾ ಪರವಾನಾ ಪಡೆದ ಆ್ಯಪ್‌ಗಳ ಪಟ್ಟಿ ತೆರೆದಳು. ಅಯ್ಯೋ, ನಾನು ಎಂದೋ ಮರೆತ ಒಂಬತ್ತು ಮಂದಿ ಒಳಗಿದ್ದರು! ರಾಶಿಭವಿಷ್ಯದವನೊಬ್ಬ, ಪದಬಂಧದವನೊಬ್ಬ, ಮುಖವನ್ನು ಎಳೆಯದು ಮಾಡಿ ತೋರಿಸುವವನೊಬ್ಬ. (ಅವನನ್ನು ಕಳಿಸುವಾಗ ಸ್ವಲ್ಪ ಬೇಜಾರಾಯಿತು.) ಭಜನೆಯವನಿಂದ ಶುರುಮಾಡಿ ಒಬ್ಬೊಬ್ಬನನ್ನು ತೆಗೆಯುವಾಗಲೂ ಫೋನು ‘ಖಚಿತವೇ?’ ಎಂದು ಕೇಳಿತು. ಒಳಗೆ ಬಿಟ್ಟುಕೊಳ್ಳುವಾಗ ಈ ಕಾಳಜಿ ಎಲ್ಲಿಗೆ ಹೋಗಿತ್ತೋ.

ಸೋಮವಾರ ಬೆಳಿಗ್ಗೆ ಸ್ಟೇಷನ್ನಿಗೆ ಹೋದರೆ ಬೆಂಚಿನ ಮೇಲೆ ಸುಗಲಾಬಾಯಿ, ಮಡಿಲಲ್ಲಿ ರೊಟ್ಟಿಯ ಗಂಟು.

“ನಿನ್ನ ಯಾರ ಕರದಾರ?” ಎಂದೆ.

“ಯಾರೂ ಕರದಿಲ್ಲ. ಅತ್ತಾಗ ಸರಿದು ಕುಂದ್ರು.”

ಸರಿದೆ. ದಾರಿಯುದ್ದಕ್ಕೂ ಅವಳು ನನ್ನ ಎದೆಯ ಗಂಟಿನ ಮಾತೆತ್ತಲಿಲ್ಲ; ಮೆತ್ತಗೂ ಮಾತಾಡಲಿಲ್ಲ, ಸೊಸೆಯನ್ನು ಬೈದಳು. ಆಸ್ಪತ್ರೆಯ ಪರದೆಯ ಹಿಂದಕ್ಕೆ ಹೋಗುವಾಗ ನನ್ನ ಪರ್ಸು, ಬಳೆ, ಫೋನು ಅವಳ ಕೈಯಲ್ಲಿದ್ದವು. ಫೋನಿನ ಪಾಸ್‌ವರ್ಡ್ ಕೂಡ ಹೇಳಿಯೇ ಹೋದೆ, ಸುನೀತಾಳ ಕರೆ ಬಂದರೆ ಇರಲಿ ಎಂದು.

ರಿಪೋರ್ಟು ಶುಕ್ರವಾರ ಬರುತ್ತದೆ. ಇದನ್ನು ಕ್ಯಾಲೆಂಡರಿನಲ್ಲಿ ಬರೆದಿಲ್ಲ. ಸುಗಲಾಬಾಯಿಗೆ ಗೊತ್ತಿದೆ.